ಖಾಲಿ ಎಂದುಕೊಳ್ಳಬೇಡ, ತೆರೆದು ನೋಡು

ಕಳೆದ ಬೇಸಿಗೆಯಲ್ಲಿ ಹಾಸನದಿಂದ ಅಕ್ಕ ಕರೆ ಮಾಡಿದ್ದಳು. ಕ್ಷೇಮಸಮಾಚಾರದ ವಾಡಿಕೆಯ ಮಾತುಗಳು ಮುಗಿಯುವ ಮುನ್ನವೇ, "ಏನೋ, ನಿನ್ನ ಮನೇಲಿ ಪಿಸ್ತೂಲು ಇಟ್ಕೊಂಡಿದ್ದೀಯಂತೆ? ಡಾಕ್ಟ್ರಾಗಿ ನಿಂಗ್ಯಾಕೆ ಬೇಕಿತ್ತು ಅದು?" ಎಂದು ನೇರವಾಗಿ ಕೇಳಿದಳು. ನನ್ನ ಕ್ಲಬ್ಬಿನ ಗೆಳೆಯರು ತೆಗೆದ ಒಂದು ಛಾಯಾಚಿತ್ರವು ಹೇಗೋ ಅವಳ ಮೊಬೈಲನ್ನು ತಲುಪಿತ್ತು. ನಾನು ಉತ್ತರಿಸುವಷ್ಟರಲ್ಲಿ ಅವಳ ಮಗ ಫೋನು ಕಿತ್ತುಕೊಂಡ. ಅವನಿಗೆ ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ವ್ಯಾಸಂಗಕ್ಕೆ ಸ್ಥಳ ದೊರೆತಿತ್ತು. "ಮಾವ, ನಾನು ಬಂದ್ಮೇಲೆ ನನ್ನನ್ನೂ ಒಂದ್ಸಲ ಶೂಟಿಂಗ್ ರೇಂಜಿಗೆ ಕರ್ಕೊಂಡು ಹೋಗಿ" ಎಂದ.

ಒಂದೇ ಮನೆಯಿಂದ ಬಂದ ಎರಡು ಮಾತುಗಳು: ತಾಯಿಯ ಭಯ ಮತ್ತು ಮಗನ ಉತ್ಸಾಹ. ಇವೆರಡಕ್ಕೂ ಅಂದು ದೂರವಾಣಿಯಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. ಅಮೆರಿಕದಲ್ಲಿ ಮಕ್ಕಳಿರುವ ಅನೇಕ ಮನೆಗಳಲ್ಲಿ ಇಂತಹುದೇ ಮಾತು ನಡೆಯುತ್ತಿರಬಹುದು ಎಂಬ ಎಣಿಕೆಯಿಂದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ವೈದ್ಯನ ಕೈಗೆ ಪಿಸ್ತೂಲು ಬಂದ ಬಗೆ

ನಾನು ಅರಿವಳಿಕೆ ತಜ್ಞ. ಓಹಾಯೋ ರಾಜ್ಯದ ಆಸ್ಪತ್ರೆಯೊಂದರಲ್ಲಿ ಎರಡು ದಶಕಗಳಿಂದ ಕೆಲಸ ಮಾಡುತ್ತಿದ್ದೇನೆ. ಗುಂಡೇಟು ತಿಂದವರನ್ನು ನಡುರಾತ್ರಿಯಲ್ಲಿ ಶಸ್ತ್ರಚಿಕಿತ್ಸೆಯ ಮೇಜಿಗೆ ತಂದಾಗ ಅವರ ಉಸಿರನ್ನು ನನ್ನ ವಶಕ್ಕೆ ತೆಗೆದುಕೊಳ್ಳುವುದು ನನ್ನ ವೃತ್ತಿ. ಹೊರಗಿನಿಂದ ಬೊಟ್ಟಿನಷ್ಟು ಕಾಣುವ ಗಾಯ ಒಳಗೆ ಏನೆಲ್ಲ ಮಾಡಿರುತ್ತದೆ ಎಂಬುದನ್ನು ಬಲ್ಲೆ. ಈ ದೇಶದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೆಂಬುದನ್ನೂ ಬಲ್ಲೆ. ಆದ್ದರಿಂದ ಅಕ್ಕನ ಭಯವನ್ನು ಅಜ್ಞಾನವೆಂದು ನಾನು ತಳ್ಳಿಹಾಕಲಾರೆ.

ನನ್ನನ್ನು ಈ ಆಟಕ್ಕೆ ಎಳೆದವರು ನಮ್ಮ ಶಸ್ತ್ರಚಿಕಿತ್ಸಾ ವಿಭಾಗದ ಹಿರಿಯ ನರ್ಸ್ ಒಬ್ಬರು. ಇಲ್ಲಿಯ ಚಳಿಗಾಲ ದೀರ್ಘ. ಹಿಮ ಬಿದ್ದು ಹೊರಗಿನ ಆಟಗಳೆಲ್ಲ ನಿಂತಾಗ ಊರಿನ ಕ್ಲಬ್ಬುಗಳಲ್ಲಿ ವಾರಕ್ಕೊಂದು ಸಂಜೆ ಒಳಾಂಗಣದ ಪಿಸ್ತೂಲು ಸ್ಪರ್ಧೆ ನಡೆಯುತ್ತದೆ. 50 ಅಡಿ ದೂರದಲ್ಲಿ ಕಾಗದದ ಗುರಿ. ಒಂದೇ ಕೈಯನ್ನು ಚಾಚಿ ಗುಂಡು ಹಾರಿಸಬೇಕು. 'ಬುಲ್ಸ್‌ಐ' ಎಂದು ಇದರ ಹೆಸರು. ಮೊದಲು 10 ನಿಮಿಷಗಳಲ್ಲಿ 10 ಗುಂಡು. ಅನಂತರ 20 ಸೆಕೆಂಡುಗಳಲ್ಲಿ 5 ಗುಂಡುಗಳಂತೆ ಎರಡು ಸುತ್ತು. ಕಡೆಗೆ 10 ಸೆಕೆಂಡುಗಳಲ್ಲಿ 5 ಗುಂಡುಗಳಂತೆ ಮತ್ತೆರಡು ಸುತ್ತು. ಒಟ್ಟು 30 ಗುಂಡು, 300 ಅಂಕ. ಇದೇ ಆಟದ ದೊಡ್ಡ ಜಾತ್ರೆ ಪ್ರತಿ ಬೇಸಿಗೆಯಲ್ಲಿ ಈರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ ನಡೆಯುತ್ತದೆ. 1907ರಿಂದ ಅಲ್ಲಿ ರಾಷ್ಟ್ರೀಯ ಸ್ಪರ್ಧೆಗಳು ನಡೆದುಬಂದಿವೆ.

ಮೊದಲ ಸಂಜೆಯೇ ನನಗೆ ಹಿಡಿಸಿದ್ದು ಸದ್ದಲ್ಲ, ಮೌನ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಬೆರಳನ್ನು ಮಾತ್ರ ಚಲಿಸಿ, ಉಳಿದ ಮೈಯನ್ನೆಲ್ಲ ಕಲ್ಲಾಗಿಸುವ ಆ ಕ್ಷಣದಲ್ಲಿ ಆಸ್ಪತ್ರೆಯ ಚಿಂತೆ ಸುಳಿಯುವುದಿಲ್ಲ. ದಿನವಿಡೀ ಇತರರ ಉಸಿರನ್ನು ಎಣಿಸುವವನಿಗೆ ತನ್ನ ಉಸಿರನ್ನು ಗಮನಿಸುವ ಅವಕಾಶ ದೊರೆತಿತ್ತು.

ಅಗ್ಗದ ಪಿಸ್ತೂಲಿನೊಳಗೆ ಏನಿದೆ?

ಚಲನಚಿತ್ರಗಳಲ್ಲಿ ಕಾಣುವ ಪಿಸ್ತೂಲಿಗೂ ನಾವು ಬಳಸುವುದಕ್ಕೂ ಬಹಳ ವ್ಯತ್ಯಾಸವಿದೆ. ನಮ್ಮದು .22 ಲಾಂಗ್ ರೈಫಲ್ ಎಂಬ ಸಣ್ಣ ಕಾಡತೂಸಿನದು. 1887ರಿಂದ ಬಳಕೆಯಲ್ಲಿರುವ ಈ ಕಾಡತೂಸಿನ ಗುಂಡು ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ಪೊಲೀಸರು ಬಳಸುವ 9 ಮಿ.ಮೀ. ಗುಂಡಿನ ತೂಕದ ಮೂರನೆಯ ಒಂದು ಭಾಗ. ಕಿಡಿ ಹುಟ್ಟಿಸುವ ಮದ್ದು ಅದರ ತಳದ ಅಂಚಿನ ಸುತ್ತ ಇರುತ್ತದೆ. ಒಂದು ಕಾಡತೂಸಿಗೆ 10 ಸೆಂಟಿನ ಆಸುಪಾಸು ಬೆಲೆ. ಅಭ್ಯಾಸವೇ ಎಲ್ಲವೂ ಆಗಿರುವ ಆಟದಲ್ಲಿ ಪಿಸ್ತೂಲಿನ ಬೆಲೆಗಿಂತ ಗುಂಡಿನ ಬೆಲೆಯೇ ಮುಖ್ಯ. ಆದರೆ ಸಣ್ಣದೆಂದು ಹಗುರವಾಗಿ ಕಾಣುವಂತಿಲ್ಲ. ಈ ಗುಂಡೂ ಮನುಷ್ಯನನ್ನು ಕೊಲ್ಲಬಲ್ಲುದು.

'ಸೆಮಿ ಆಟೊಮ್ಯಾಟಿಕ್' ಎಂಬ ಪದವೂ ಅನೇಕರನ್ನು ಬೆದರಿಸುತ್ತದೆ. ಟ್ರಿಗರನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ. ಮುಂದಿನ ಗುಂಡು ತಾನಾಗಿ ನಳಿಗೆಗೆ ಬಂದು ಕೂರುತ್ತದೆ ಎಂಬಷ್ಟೇ ಅದರ ಅರ್ಥ. ಇದರ ಯಂತ್ರತಂತ್ರ ಸರಳ. ಗುಂಡು ಮುಂದಕ್ಕೆ ಹಾರುವಾಗ ಅದೇ ಒತ್ತಡ ಖಾಲಿ ಕೋಶವನ್ನು ಹಿಂದಕ್ಕೆ ನೂಕುತ್ತದೆ. ಅದರ ಹಿಂದಿರುವ ಉಕ್ಕಿನ ಬೋಲ್ಟ್ ತನ್ನ ತೂಕ ಮತ್ತು ಸ್ಪ್ರಿಂಗಿನ ಬಲದಿಂದ ಆ ನೂಕನ್ನು ತಡೆದು, ನಿಧಾನವಾಗಿ ಹಿಂದೆ ಸರಿದು, ಕೋಶವನ್ನು ಹೊರಗೆ ಎಸೆದು, ಮರಳಿ ಬರುವಾಗ ಮ್ಯಾಗಝೀನಿನಿಂದ ಇನ್ನೊಂದನ್ನು ತಳ್ಳಿಕೊಂಡು ಬರುತ್ತದೆ. ಗುಂಡು ಸಣ್ಣದಾದ್ದರಿಂದ ಇಷ್ಟೇ ಸಾಕು. ದೊಡ್ಡ ಗುಂಡಿನ ಪಿಸ್ತೂಲುಗಳಲ್ಲಿ ಬೇಕಾಗುವ, ಗುಂಡು ಹೊರಬೀಳುವವರೆಗೆ ನಳಿಗೆಯನ್ನು ಭದ್ರಪಡಿಸುವ ಜಟಿಲ ಏರ್ಪಾಡು ಇಲ್ಲಿ ಬೇಕಿಲ್ಲ. ಬೆಲೆ ಇಳಿಯಲು ಇದು ಮೊದಲ ಕಾರಣ.

ಎರಡನೆಯ ಕಾರಣಕ್ಕೆ ಒಂದು ಚರಿತ್ರೆಯಿದೆ. 1949ರಲ್ಲಿ ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟಿನಲ್ಲಿ ವಿಲಿಯಂ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಎಂಬಿಬ್ಬರು ಸಣ್ಣ ಬಂಡವಾಳದಿಂದ ಒಂದು ಕಾರ್ಖಾನೆಯನ್ನು ತೆರೆದರು. ಅವರ ಮೊದಲ ಪಿಸ್ತೂಲಿನ ಬೆಲೆ 37 ಡಾಲರ್ 50 ಸೆಂಟ್. ಇಡೀ ಉಕ್ಕಿನ ಗಟ್ಟಿಯನ್ನು ಕೊರೆದು ಚೌಕಟ್ಟು ಮಾಡುವ ದುಬಾರಿ ಪದ್ಧತಿಯನ್ನು ಬಿಟ್ಟು, ಉಕ್ಕಿನ ತಗಡನ್ನು ಅಚ್ಚೊತ್ತಿ ಎರಡು ಹೋಳುಗಳನ್ನು ಮಾಡಿ ಬೆಸುಗೆ ಹಾಕಿದರು. ಹಿಡಿಯ ಓರೆ ಜರ್ಮನಿಯ ಲ್ಯೂಗರನ್ನು ನೆನಪಿಸುವಂತಿತ್ತು. ಕೊಳವೆಯೊಳಗೆ ದುಂಡನೆಯ ಬೋಲ್ಟ್ ಓಡಾಡುವ ಏರ್ಪಾಡಿಗೆ ಜಪಾನಿನ ನಾಂಬು ಪಿಸ್ತೂಲು ಪ್ರೇರಣೆ. ನಳಿಗೆ, ಕೊಳವೆ, ಮತ್ತು ಅವುಗಳ ಮೇಲಿನ ಗುರಿ ನೋಡುವ ಮೊನೆಗಳು ಒಂದಕ್ಕೊಂದು ಭದ್ರವಾಗಿ ಅಂಟಿಕೊಂಡಿವೆ. ಒಳಗಿನ ಬೋಲ್ಟ್ ಮಾತ್ರ ಚಲಿಸುತ್ತದೆ. ಗುರಿಯ ಮೊನೆಗಳು ಅಲುಗದ ಕಾರಣ ಅಗ್ಗದ ಪಿಸ್ತೂಲಿಗೂ ನಿಖರತೆ ಒದಗಿತು. ಕಡಿಮೆ ಬೆಲೆಯೆಂದರೆ ಕಳಪೆಯೆಂದಲ್ಲ, ಯಾವುದು ಚಲಿಸಬೇಕು, ಯಾವುದು ಚಲಿಸಬಾರದು ಎಂಬುದನ್ನು ಸರಿಯಾಗಿ ನಿರ್ಧರಿಸುವುದೆಂದು ಇದನ್ನು ನೋಡಿದಾಗ ಅರ್ಥವಾಗುತ್ತದೆ.

ಇಂದು ಅದೇ ವಂಶದ ಮಾರ್ಕ್ ಫೋರ್, ಬ್ರೌನಿಂಗ್ ಕಂಪನಿಯ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸನ್‌ನ ವಿಕ್ಟರಿ ಎಂಬ ಮೂರು ಪಿಸ್ತೂಲುಗಳು ಹೊಸಬರ ಕೈಯಲ್ಲಿ ಹೆಚ್ಚಾಗಿ ಕಾಣುತ್ತವೆ. ಹೆಚ್ಚಿನ ಮಾದರಿಗಳು 400ರಿಂದ 600 ಡಾಲರುಗಳ ಒಳಗೆ ದೊರೆಯುತ್ತವೆ. ಮ್ಯಾಗಝೀನಿನಲ್ಲಿ 10 ಗುಂಡು. ಒಲಿಂಪಿಕ್ಸ್ ಮಟ್ಟದ ಶೂಟರುಗಳು ಬಳಸುವ ಇಟಲಿಯ ಪಾರ್ಡಿನಿಯಂತಹ ಪಿಸ್ತೂಲುಗಳ ಬೆಲೆ ಇದರ ಹಲವು ಪಟ್ಟು. ಅವುಗಳ ಹಿಡಿ ಅಂಗೈಗೆ ತಕ್ಕಂತೆ ಕೆತ್ತಿದ ಮರದ್ದು. ಟ್ರಿಗರನ್ನು ಗ್ರಾಂ ಲೆಕ್ಕದಲ್ಲಿ ಹೊಂದಿಸಬಹುದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆ ಇದೇ .22 ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನದು ಎಂದರೆ ಊರಿನವರಿಗೆ ಆಶ್ಚರ್ಯವಾಗುತ್ತದೆ. ಐದು ಗುರಿಗಳಿಗೆ ಐದು ಗುಂಡು, ಕೊನೆಯ ಸುತ್ತುಗಳಲ್ಲಿ ಕೇವಲ ನಾಲ್ಕು ಸೆಕೆಂಡು! 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್ ಅವರಿಗೆ ಆ ಪದಕಗಳು ಬಂದದ್ದು ಗಾಳಿಯ ಪಿಸ್ತೂಲಿನಿಂದ; .22ರ ಸ್ಪರ್ಧೆಯಲ್ಲಿ ಅವರು ಸ್ವಲ್ಪದರಲ್ಲಿ ನಾಲ್ಕನೆಯವರಾದರು.

ತೆರೆದು ನೋಡುವ ಅನುಕೂಲ

ನಾನು ಕಡೆಗೆ ಮಾರ್ಕ್ ಫೋರ್ ಪಿಸ್ತೂಲನ್ನೇ ಆರಿಸಿದ್ದಕ್ಕೆ ನಿಖರತೆಗಿಂತ ಬೇರೆಯದೇ ಕಾರಣವಿತ್ತು. ಇದರ ಹಿಂದಿನ ಮಾದರಿಗಳನ್ನು ಬಿಚ್ಚಿ ಶುಚಿಗೊಳಿಸುವುದು ಕುಖ್ಯಾತ ಕಷ್ಟದ ಕೆಲಸ. ಬಿಚ್ಚುವ ನಡುವೆ ಟ್ರಿಗರನ್ನು ಎಳೆಯಲೇಬೇಕಾಗಿತ್ತು. ಒಳಗೆ ಗುಂಡು ಉಳಿದಿದ್ದರೆ ಏನು ಗತಿ ಎಂಬುದನ್ನು ವಿವರಿಸಬೇಕಿಲ್ಲ. 2016ರಲ್ಲಿ ಬಂದ ಮಾರ್ಕ್ ಫೋರ್‌ನಲ್ಲಿ ಹಿಂಬದಿಯ ಒಂದು ಗುಂಡಿಯನ್ನು ಒತ್ತಿದರೆ ಮೇಲ್ಭಾಗ ಮುಂದಿನ ಕೀಲಿನ ಮೇಲೆ ಬಾಗಿ ತೆರೆದುಕೊಳ್ಳುತ್ತದೆ. ಬೋಲ್ಟನ್ನು ಹೊರತೆಗೆದರೆ ನಳಿಗೆಯ ಈ ತುದಿಯಿಂದ ಆ ತುದಿಯವರೆಗೆ ಬೆಳಕು ಕಾಣುತ್ತದೆ. ಟ್ರಿಗರಿನ ಗೊಡವೆಯೇ ಇಲ್ಲ. ಮ್ಯಾಗಝೀನ್ ಹೊರಗಿದ್ದರೆ ಟ್ರಿಗರ್ ಎಳೆದರೂ ಗುಂಡು ಹಾರದಂತಹ ತಡೆಯೂ ಉಂಟು.

ಅಂಗಡಿಯಲ್ಲಿ ಅದನ್ನು ತೆರೆದು ನೋಡಿದ ಕ್ಷಣ ನನಗೆ ಸಕಲೇಶಪುರದ ನಮ್ಮ ತೋಟದ ಮನೆ ನೆನಪಾಯಿತು. ಅಪ್ಪನ ಬಳಿ ಪರವಾನಗಿಯ ಜೋಡಿನಳಿಗೆ ಕೋವಿಯಿತ್ತು. ಕಾಡುಹಂದಿಯನ್ನು ಬೆದರಿಸಲು ರಾತ್ರಿ ಅದನ್ನು ಹೊರತೆಗೆಯುತ್ತಿದ್ದರು. ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸಿ ರಸೀದಿ ತಂದು ಪಂಚಾಂಗದ ನಡುವೆ ಇಡುತ್ತಿದ್ದರು. ತೋಟದಿಂದ ಮರಳಿದಾಗ ಜಗುಲಿಯ ಮೇಲೆ ಕೂತು ಕೋವಿಯನ್ನು ನಡುವೆ ಮುರಿದಂತೆ ಬಾಗಿಸಿ ನಮ್ಮ ಕಣ್ಣಿಗೆ ಹಿಡಿಯುತ್ತಿದ್ದರು. "ನೋಡು, ಎರಡರಲ್ಲೂ ಬೆಳಕು ಕಾಣ್ತದಾ?" ಕಾಣುತ್ತದೆ ಎಂದು ನಾವು ಹೇಳುವವರೆಗೆ ಕೋವಿ ಒಳಗೆ ಹೋಗುತ್ತಿರಲಿಲ್ಲ. "ಖಾಲಿ ಐತೆ ಅಂದ್ಕೊಂಡೋರ ಕೈಯಾಗೇ ಅದು ಹಾರೋದು" ಎಂಬುದು ಅವರ ಮಾತು.

ಯಂತ್ರದ ಸುರಕ್ಷೆಯನ್ನೇ ನಂಬಿ ಕೂರುವಂತಿಲ್ಲ ಎಂಬುದಕ್ಕೆ ಮಾರ್ಕ್ ಫೋರ್‌ನ ಚರಿತ್ರೆಯೇ ಸಾಕ್ಷಿ. 2017ರ ಜೂನ್‌ನಲ್ಲಿ ಕಂಪನಿ ಅದುವರೆಗೆ ತಯಾರಿಸಿದ ಮಾರ್ಕ್ ಫೋರ್ ಪಿಸ್ತೂಲುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಿತು. ಸೇಫ್ಟಿಯ ಸನ್ನೆ ಪೂರ್ತಿ ಮೇಲೂ ಇಲ್ಲದೆ ಪೂರ್ತಿ ಕೆಳಗೂ ಇಲ್ಲದೆ ನಡುವೆ ನಿಂತಿದ್ದಾಗ ಟ್ರಿಗರ್ ಎಳೆದರೆ ಗುಂಡು ಆಗ ಹಾರದೆ, ಅನಂತರ ಸನ್ನೆಯನ್ನು ಸರಿಸಿದಾಗ ಹಾರುವ ಸಾಧ್ಯತೆಯಿತ್ತು. ಅರಿವಳಿಕೆಯ ಯಂತ್ರವನ್ನು ಪ್ರತಿ ಮುಂಜಾನೆ ಪಟ್ಟಿ ಹಿಡಿದು ಪರೀಕ್ಷಿಸುವ ನಮ್ಮಂತಹವರಿಗೆ ಈ ಪಾಠ ಹೊಸದಲ್ಲ. ನಿನ್ನೆ ಸರಿಯಿತ್ತು ಎಂಬುದು ಇಂದಿಗೆ ಪ್ರಮಾಣವಲ್ಲ. ರೇಂಜಿನಲ್ಲಿ ನಾವು ಪಿಸ್ತೂಲನ್ನು ಮೇಜಿನ ಮೇಲಿಡುವಾಗ ಮ್ಯಾಗಝೀನ್ ತೆಗೆದು, ಬೋಲ್ಟನ್ನು ಹಿಂದಕ್ಕೆ ನಿಲ್ಲಿಸಿ, ಗುಂಡು ಕೂರುವ ಜಾಗಕ್ಕೆ ಬಣ್ಣದ ಪ್ಲಾಸ್ಟಿಕ್ ಕಡ್ಡಿಯನ್ನು ತೂರಿಸಿಡುತ್ತೇವೆ. ಹತ್ತು ಹೆಜ್ಜೆ ದೂರದಿಂದಲೂ ಅದು ಖಾಲಿಯೆಂದು ಎಲ್ಲರಿಗೂ ಕಾಣಬೇಕು.

ಕಿವಿ, ಕಣ್ಣು, ಸೀಸ

ವೈದ್ಯನಾಗಿ ಮೂರು ಮಾತು. .22 ಸಣ್ಣ ಗುಂಡಾದರೂ ಪಿಸ್ತೂಲಿನ ಸದ್ದು 140 ಡೆಸಿಬೆಲ್ ದಾಟುತ್ತದೆ. ಒಳಾಂಗಣದಲ್ಲಿ ಅದು ಗೋಡೆಗೆ ಬಡಿದು ಮರಳುತ್ತದೆ. ಒಮ್ಮೆ ಸತ್ತ ಒಳಗಿವಿಯ ರೋಮಕೋಶ ಮರಳಿ ಹುಟ್ಟುವುದಿಲ್ಲ. ಕಿವಿಯೊಳಗೆ ಬೆಣೆ, ಮೇಲೆ ಮುಚ್ಚಳ, ಎರಡನ್ನೂ ಧರಿಸುತ್ತೇನೆ.

ಎರಡನೆಯದು ಸೀಸ. ಗುಂಡಿನಲ್ಲಿಯೂ ಅದನ್ನು ಹೊತ್ತಿಸುವ ಮದ್ದಿನಲ್ಲಿಯೂ ಸೀಸವಿದೆ. ಅದರ ಧೂಳು ಕೈಗೆ, ಬಟ್ಟೆಗೆ, ಪಾದರಕ್ಷೆಗೆ ಅಂಟುತ್ತದೆ. ರೇಂಜಿನಲ್ಲಿ ಏನನ್ನೂ ತಿನ್ನಬಾರದು. ಸಾಬೂನು ಹಚ್ಚಿ ತಣ್ಣೀರಿನಲ್ಲಿ ಕೈತೊಳೆಯಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಚಪ್ಪಲಿಯನ್ನು ಹೊರಗೆ ಬಿಟ್ಟು ಕೈಕಾಲು ತೊಳೆದು ಒಳಗೆ ಬರುವ ನಮ್ಮ ಹಳ್ಳಿಯ ಪದ್ಧತಿಗೆ ಇಲ್ಲಿ ಹೊಸ ಅರ್ಥ ದೊರೆಯಿತು. ವರ್ಷಕ್ಕೊಮ್ಮೆ ರಕ್ತದಲ್ಲಿನ ಸೀಸದ ಪ್ರಮಾಣವನ್ನು ಪರೀಕ್ಷಿಸಿಕೊಳ್ಳುತ್ತೇನೆ.

ಮೂರನೆಯದು ಚಾಳೀಸು. ಐವತ್ತು ದಾಟಿದವನ ಕಣ್ಣು ದೂರದ ಗುರಿಯನ್ನೂ ಚಾಚಿದ ಕೈಯ ತುದಿಯ ಮೊನೆಯನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಪಿಸ್ತೂಲಿನ ಮೇಲೆ ಕೂರಿಸುವ, ಕೆಂಪು ಚುಕ್ಕೆಯನ್ನು ತೋರುವ ಸಣ್ಣ ದರ್ಶಕ ಈ ತೊಡಕನ್ನು ನಿವಾರಿಸಿತು. ಚುಕ್ಕೆ ಗುರಿಯ ಮೇಲೆಯೇ ತೇಲುವಂತೆ ಕಾಣುವುದರಿಂದ ಕಣ್ಣು ಗುರಿಯನ್ನು ಮಾತ್ರ ನೋಡಿದರೆ ಸಾಕು.

ಅಳಿಯನಿಗೆ 'ಇಲ್ಲ' ಎಂದದ್ದೇಕೆ?

ಇನ್ನು ಇಲ್ಲಿಗೆ ಬರಲಿರುವ ತರುಣರಿಗೂ ಅವರನ್ನು ನೋಡಲು ಬರುವ ತಂದೆತಾಯಿಯರಿಗೂ ಅತ್ಯಗತ್ಯವಾದ ಮಾತು. ಅಮೆರಿಕದಲ್ಲಿ ಬಂದೂಕು ಸುಲಭವಾಗಿ ಸಿಗುತ್ತದೆ ಎಂಬ ಸುದ್ದಿ ಕೇಳಿ, ಎಲ್ಲರಿಗೂ ಸಿಗುತ್ತದೆ ಎಂದು ಭಾವಿಸಬಾರದು. ಇಲ್ಲಿನ ಕೇಂದ್ರ ಕಾನೂನಿನಂತೆ ತಾತ್ಕಾಲಿಕ ವೀಸಾ ಪಡೆದು ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಎಫ್-1 ವಿದ್ಯಾರ್ಥಿ, ಎಚ್-1ಬಿ ಉದ್ಯೋಗಿ, ಬಿ-2 ವೀಸಾದಲ್ಲಿ ಮೊಮ್ಮಗುವನ್ನು ನೋಡಲು ಬಂದ ಅಜ್ಜ, ಎಲ್ಲರೂ ಇದರೊಳಗೆ ಬರುತ್ತಾರೆ. ಬೇಟೆಯ ಪರವಾನಗಿಯಂತಹ ಕೆಲವು ಕಿರಿದಾದ ವಿನಾಯಿತಿಗಳುಂಟು. ವಲಸೆ ವಕೀಲರನ್ನು ಕೇಳದೆ ಅವುಗಳನ್ನು ನಂಬಬಾರದು. ಶಾಶ್ವತ ವಾಸಿಗಳಿಗೆ, ಎಂದರೆ ಹಸಿರು ಕಾರ್ಡಿನವರಿಗೆ, ಈ ನಿರ್ಬಂಧವಿಲ್ಲ. ಆದರೆ ಪರವಾನಗಿಯುಳ್ಳ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, 4473 ಎಂಬ ನಮೂನೆಯನ್ನು ತುಂಬಬೇಕು, ಹಿನ್ನೆಲೆ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು. ಆ ನಮೂನೆಯಲ್ಲಿ ಸುಳ್ಳು ಬರೆಯುವುದೇ ಒಂದು ಗಂಭೀರ ಅಪರಾಧ. ಇದರ ಮೇಲೆ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು.

"ಕೊಳ್ಳುವುದಿಲ್ಲ ಮಾವ, ಒಮ್ಮೆ ಹಿಡಿದು ನೋಡ್ತೀನಿ ಅಷ್ಟೆ" ಎಂದ ಅಳಿಯ. ಅವನಿಗೆ ಒಂದು ಮೊಕದ್ದಮೆಯ ಕಥೆ ಹೇಳಿದೆ. ಅರಬ್ ಸಂಯುಕ್ತ ಸಂಸ್ಥಾನದಿಂದ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬ ಅಂಕಗಳು ಸಾಲದೆ ವಿಶ್ವವಿದ್ಯಾಲಯದಿಂದ ಹೊರಬಿದ್ದ. ವೀಸಾದ ಸ್ಥಾನಮಾನ ಮುಗಿದಿತ್ತು. ಆಮೇಲೆ ಫ್ಲಾರಿಡಾದ ಒಂದು ರೇಂಜಿಗೆ ಹೋಗಿ ಗುರಿಗೆ ಗುಂಡು ಹಾರಿಸಿದ. ಯಾರಿಗೂ ಕೂದಲೂ ಕೊಂಕಲಿಲ್ಲ. ಆದರೂ ಅವನಿಗೆ 18 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಅವನಿಗೆ ತನ್ನ ಸ್ಥಾನಮಾನದ ಅರಿವಿತ್ತೆಂಬುದನ್ನು ಸರ್ಕಾರ ಸಾಬೀತುಪಡಿಸಬೇಕಿತ್ತು ಎಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ನೀಡಿದ್ದು ನಿಜ. ಆದರೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಬದುಕನ್ನು ಮರಳಿ ಪಡೆಯುವ ಶಕ್ತಿ ನಮ್ಮ ಎಷ್ಟು ಮಕ್ಕಳಿಗಿದೆ? ರೇಂಜಿನಲ್ಲಿ ಅರ್ಧ ಗಂಟೆ ಹಿಡಿದ ಬಾಡಿಗೆಯ ಪಿಸ್ತೂಲಿಗೆ ಒಂದು ಜೀವಮಾನದ ವಲಸೆಯ ಕನಸನ್ನು ಪಣವಿಡಬೇಕೆ? ಊರಿನಿಂದ ಬಂದ ಅತಿಥಿಗಳನ್ನು ಮೋಜಿಗಾಗಿ ರೇಂಜಿಗೆ ಕರೆದೊಯ್ದು ಛಾಯಾಚಿತ್ರ ತೆಗೆಸುವ ನಮ್ಮವರೂ ಇದನ್ನು ಗಮನಿಸಬೇಕು.

ಚೀಲದ ಪಕ್ಕದ ಜೇಬು

ಬುದ್ಧಿ ಹೇಳುವ ನಾನೇ ಎಡವಿದ ಪ್ರಸಂಗವನ್ನು ಬಚ್ಚಿಡಬಾರದು. ಮೂರು ವರ್ಷಗಳ ಹಿಂದೆ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಾಗ ಮರುದಿನವೇ ಬೆಂಗಳೂರಿಗೆ ಹೊರಡಬೇಕಾಯಿತು. ರಾತ್ರಿ ಹನ್ನೊಂದಕ್ಕೆ ಕೈಗೆ ಸಿಕ್ಕ ಚೀಲದಲ್ಲಿ ಬಟ್ಟೆ ತುಂಬುತ್ತಿದ್ದೆ. ನನ್ನ ಪತ್ನಿ ಔಷಧಿಗಳನ್ನು ಇಡಲು ಪಕ್ಕದ ಜೇಬಿಗೆ ಕೈಹಾಕಿದವಳು ಸುಮ್ಮನೆ ಅಂಗೈಯನ್ನು ಚಾಚಿ ತೋರಿಸಿದಳು. ಮೂರು .22 ಕಾಡತೂಸುಗಳು. ಚಳಿಗಾಲದಲ್ಲಿ ಅದೇ ಚೀಲವನ್ನು ಎರಡು ಬಾರಿ ರೇಂಜಿಗೆ ಒಯ್ದಿದ್ದೆ.

ನನ್ನ ಬೆನ್ನಹುರಿಯಲ್ಲಿ ಚಳಿ ಹರಿಯಿತು. ಭಾರತದಲ್ಲಿ ಪರವಾನಗಿಯಿಲ್ಲದೆ ಒಂದೇ ಒಂದು ಸಜೀವ ಗುಂಡು ಸಾಮಾನಿನಲ್ಲಿ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆಯಾಗುತ್ತದೆ. ಮರೆತು ಉಳಿಯಿತೆಂದು ಹೇಳಿ ಕಡೆಗೆ ಬಿಡುಗಡೆ ಪಡೆಯಬಹುದೇನೋ. ಅಷ್ಟರಲ್ಲಿ ಠಾಣೆ, ವಕೀಲ, ನ್ಯಾಯಾಲಯ ಎಂದು ಅಲೆಯಬೇಕಾಗುತ್ತಿತ್ತು; ಅತ್ತ ಹಾಸನದ ಆಸ್ಪತ್ರೆಯಲ್ಲಿ ಅಮ್ಮ ಮಗನ ದಾರಿ ಕಾಯುತ್ತಿದ್ದಳು. ಅಂದಿನಿಂದ ರೇಂಜಿನ ಚೀಲ ರೇಂಜಿಗೆ ಮಾತ್ರ. ಅದರ ಬಣ್ಣವೇ ಬೇರೆ. ಪ್ರಯಾಣದ ಚೀಲಗಳನ್ನು ಅಟ್ಟದಿಂದ ಇಳಿಸಿದಾಗ ಪ್ರತಿ ಜೇಬನ್ನೂ ಹೊರಮಗ್ಗುಲಾಗಿಸಿ ಕೊಡವುತ್ತೇವೆ. ಪಿಸ್ತೂಲನ್ನು ಪ್ರತಿ ಸಲ ತೆರೆದು ನೋಡುತ್ತಿದ್ದ ನಾನು ಚೀಲವನ್ನು ಖಾಲಿಯೆಂದುಕೊಂಡಿದ್ದೆ.

ಅಕ್ಕನಿಗೆ ಕೊಟ್ಟ ಉತ್ತರ

ಅಕ್ಕನ ಮೊದಲ ಪ್ರಶ್ನೆಗೆ ಮರಳುತ್ತೇನೆ. ಈ ಆಟವನ್ನು ಕಲಿಯತೊಡಗಿದಾಗ ನಮ್ಮ ಮಗ ಪ್ರೌಢಶಾಲೆಯಲ್ಲಿದ್ದ. ಅವನು ಮನೆಯಲ್ಲಿರುವವರೆಗೆ ಪಿಸ್ತೂಲು ಹೊಸಿಲು ದಾಟಬಾರದು ಎಂದು ಪತ್ನಿ ಷರತ್ತು ಹಾಕಿದಳು. ಹದಿಹರೆಯದ ಮನಸ್ಸಿನ ಒಂದು ಕತ್ತಲ ರಾತ್ರಿ ಏನು ಮಾಡಬಲ್ಲುದೆಂಬುದನ್ನು ಆಸ್ಪತ್ರೆಯಲ್ಲಿ ಕಂಡಿದ್ದ ನಾನು ಮರುಮಾತಾಡಲಿಲ್ಲ. ನಾಲ್ಕು ವರ್ಷ ಕ್ಲಬ್ಬಿನ ಪಿಸ್ತೂಲಿನಲ್ಲೇ ಆಡಿದೆ. ಅವನು ಕಾಲೇಜಿಗೆ ಹೋದ ಮೇಲೆ ನನ್ನದನ್ನು ಕೊಂಡೆ. ಪಿಸ್ತೂಲಿರುವ ಉಕ್ಕಿನ ಪೆಟ್ಟಿಗೆಯ ಸಂಖ್ಯೆ ನನಗೆ ಮಾತ್ರ ಗೊತ್ತು. ಗುಂಡುಗಳಿರುವ ಕಪಾಟಿನ ಬೀಗದ ಕೈ ಪತ್ನಿಯ ಬಳಿ. ಇಬ್ಬರೂ ಒಪ್ಪದೆ ಅವೆರಡೂ ಒಂದುಗೂಡುವುದಿಲ್ಲ. ಮನೆಯವರಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ ಕಾಲ ಬಂದರೆ ಪಿಸ್ತೂಲನ್ನು ಮನೆಯಿಂದ ಹೊರಗೆ ಒಯ್ಯುವುದೆಂದೂ ಮಾತಾಗಿದೆ. ಆ 'ಯಾರಾದರೂ' ಎಂಬುದರಲ್ಲಿ ನಾನೂ ಸೇರಿದ್ದೇನೆ.

ಇಷ್ಟನ್ನು ಕೇಳಿ ಅಕ್ಕ, "ಇಷ್ಟೆಲ್ಲಾ ತಾಪತ್ರಯ ಇದ್ರೆ ಆಡೋದಾದ್ರೂ ಯಾಕೋ?" ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಈ ತಾಪತ್ರಯವನ್ನು ಹೊರಲು ಒಪ್ಪದವರು ಈ ಆಟದ ಗೋಜಿಗೆ ಹೋಗಬಾರದು ಎಂದು ಮಾತ್ರ ಹೇಳಬಲ್ಲೆ.

ಅಳಿಯ ಆಗಸ್ಟ್‌ನಲ್ಲಿ ಬಂದಿಳಿದ. ಒಂದು ಭಾನುವಾರ ಅವನನ್ನು ಈರಿ ಸರೋವರದ ದಡಕ್ಕೆ ಕರೆದೊಯ್ದು, ಬೇಲಿಯ ಹೊರಗಿನಿಂದ ಕ್ಯಾಂಪ್ ಪೆರಿಯ ಉದ್ದನೆಯ ಬಯಲನ್ನು ತೋರಿಸಿದೆ. "ಹಸಿರು ಕಾರ್ಡ್ ಬಂದ ದಿನ ನಾನೇ ಕಲಿಸ್ತೀನಿ" ಎಂದೆ. "ಅಷ್ಟರಲ್ಲಿ ನನಗೂ ಚಾಳೀಸು ಬಂದಿರುತ್ತೆ ಮಾವ" ಎಂದು ನಕ್ಕ. ಭಾರತೀಯರ ಹಸಿರು ಕಾರ್ಡಿನ ಸರದಿ ಎಷ್ಟು ಉದ್ದವೆಂಬುದು ಅವನಿಗೆ ಆಗಲೇ ತಿಳಿದಿತ್ತು.